ಕೊನೇ ಕಾರ್ಡಿನಲ್ಲಿ ಇಲ್ಲದ ಹೆಸರು

2024ರ ಮೇ 23ರಂದು ಕಾನ್ ಚಿತ್ರೋತ್ಸವದಿಂದ ಸುದ್ದಿ ಬಂತು. ವಿದ್ಯಾರ್ಥಿಗಳ ಚಿತ್ರಗಳಿಗಾಗಿಯೇ ಇರುವ 'ಲಾ ಸಿನೆಫ್' ವಿಭಾಗದ ಮೊದಲ ಬಹುಮಾನ ಒಂದು ಕನ್ನಡ ಕಿರುಚಿತ್ರಕ್ಕೆ ಸಿಕ್ಕಿತ್ತು. ಹೆಸರು 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದುಬಿಡುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಾವೆಲ್ಲ ಸಣ್ಣವರಿದ್ದಾಗ ಕೇಳಿದ ಕಥೆಯೇ. ಆದರೆ ನಾವು ಕೇಳಿದ್ದರಲ್ಲಿ ಅಜ್ಜಿಯ ಜಂಭ ಮುರಿಯುತ್ತಿತ್ತು, ಕೋಳಿ ಇಲ್ಲದಿದ್ದರೂ ಸೂರ್ಯ ಹುಟ್ಟುತ್ತಿದ್ದ. ಇಲ್ಲಿ ಅಜ್ಜಿಯ ಮಾತೇ ನಿಜವಾಗಿಬಿಡುತ್ತದೆ. ಹದಿನಾರು ನಿಮಿಷದ ಚಿತ್ರ. 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆರಿಸಿದ 18ರಲ್ಲಿ ಒಂದು, ಆ ಹದಿನೆಂಟರಲ್ಲಿ ಮೊದಲನೆಯದು.

ಮಾರನೇ ದಿನ ಪತ್ರಿಕೆಗಳಲ್ಲೆಲ್ಲ 'ಮೈಸೂರಿನ ವೈದ್ಯನಿಗೆ ಕಾನ್ ಪ್ರಶಸ್ತಿ'. ತಪ್ಪೇನಲ್ಲ. ನಿರ್ದೇಶಕ ಚಿದಾನಂದ ಎಸ್. ನಾಯ್ಕ್ ಎಂಬಿಬಿಎಸ್ ಓದಿದವರು, ಮೈಸೂರಿನವರು. ನಾನೂ ಅದೇ ಧಾಟಿಯಲ್ಲಿ ನಾಲ್ಕು ಸಾಲು ಬರೆದು ಫೇಸ್‌ಬುಕ್ಕಿಗೆ ಹಾಕಿದೆ. ಸಂಜೆ ಸರ್ಕಾರದ ಪ್ರಕಟಣೆಯನ್ನು ಸಾವಧಾನವಾಗಿ ಓದಿದಾಗ ಒಂದು ಮಾತು ಚುಚ್ಚಿತು. ಈ ಚಿತ್ರ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ 'ಕೋ-ಆರ್ಡಿನೇಟೆಡ್ ಎಕ್ಸರ್‌ಸೈಜ್'. ಅಂದರೆ ನಿರ್ದೇಶನ, ಕ್ಯಾಮೆರಾ, ಸಂಕಲನ, ಶಬ್ದ, ಹೀಗೆ ನಾಲ್ಕು ವಿಭಾಗದ ನಾಲ್ವರು ವಿದ್ಯಾರ್ಥಿಗಳು ಕೂಡಿ ಮಾಡಲೇಬೇಕಾದ ಪರೀಕ್ಷೆ. ಕ್ಯಾಮೆರಾ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಶಬ್ದ ಅಭಿಷೇಕ್ ಕದಂ. ನನ್ನ ನಾಲ್ಕು ಸಾಲಿನಲ್ಲಿ ಈ ಮೂವರೂ ಇರಲಿಲ್ಲ. ಊರಿಗೆ ಬೆಳಗಾಗದ ಕಥೆಯನ್ನು ಕತ್ತಲಲ್ಲಿ ಚಿತ್ರೀಕರಿಸಿದವನ ಹೆಸರನ್ನೇ ಬಿಟ್ಟು ಬರೆದಿದ್ದೆ.

ಹೆಸರು ಬಿಡುವ ಕೆಲಸ ನನಗೆ ಹೊಸದಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಗುಂಪು ಪರೀಕ್ಷೆ ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. ಡಿಪ್ಲೊಮಾ ಓದುವಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. 'ಐದೈದು ಜನ ಗುಂಪಾಗಿ, ಒಂದು ಡಾಕ್ಯುಮೆಂಟರಿ ಮಾಡಿ' ಎಂದಿದ್ದರು, ಅಷ್ಟೇ.

ಜಗತ್ತಿನ ಮೊದಲ ಸಿನಿಮಾ ಶಾಲೆ 1919ರಲ್ಲಿ ಮಾಸ್ಕೋದಲ್ಲಿ ಶುರುವಾಯಿತು. ಕ್ರಾಂತಿ ಮುಗಿದು ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಹೊರದೇಶಗಳಿಂದ ಕಚ್ಚಾ ಫಿಲ್ಮ್ ಬರುವುದು ನಿಂತುಹೋಗಿತ್ತು. ಶಾಲೆ ಇದೆ, ಹುಡುಗರಿದ್ದಾರೆ, ಫಿಲ್ಮೇ ಇಲ್ಲ. ಅಲ್ಲಿ ಪಾಠ ಮಾಡುತ್ತಿದ್ದ ಲೆವ್ ಕುಲೆಶೋವ್‌ಗೆ ಆಗಿನ್ನೂ ಇಪ್ಪತ್ತು ದಾಟಿದ್ದಷ್ಟೇ. ಆತ ಕಂಡುಕೊಂಡ ಉಪಾಯ 'ಫಿಲ್ಮ್ ಇಲ್ಲದ ಫಿಲ್ಮ್‌'. ಶಾಟ್‌ಗಳನ್ನು ಕಾಗದದ ಮೇಲೆ ಬರೆದುಕೊಂಡು, ವೇದಿಕೆಯ ಮೇಲೆ ಒಂದೊಂದೇ ತುಂಡಾಗಿ ಅಭಿನಯಿಸುವುದು. ನಡುನಡುವೆ ಪರದೆ, ಬೆಳಕು ಬದಲು. ಒಬ್ಬ ನಟಿಸಿದರೆ ಇನ್ನೊಬ್ಬ ದೃಶ್ಯ ಜೋಡಿಸಬೇಕು, ಮತ್ತೊಬ್ಬ ಸಾಮಾನು ಹೊರಬೇಕು. ಮಾರನೇ ದಿನ ಪಾತ್ರಗಳು ಅದಲುಬದಲು. ಆ ಗುಂಪಿನಲ್ಲಿದ್ದ ಪುದೋವ್ಕಿನ್ ಮುಂದೆ ದೊಡ್ಡ ನಿರ್ದೇಶಕನಾದ. ವಿದ್ಯಾರ್ಥಿ ಚಿತ್ರವನ್ನು ಗುಂಪಾಗಿ ಮಾಡುವುದರ ಹಿಂದೆ ಮೊದಲಿಗೆ ಇದ್ದದ್ದು ಯಾವ ದೊಡ್ಡ ಸಿದ್ಧಾಂತವೂ ಅಲ್ಲ, ಬಡತನ. ಒಂದೇ ಕ್ಯಾಮೆರಾಕ್ಕೆ ಐವರನ್ನು ಹಚ್ಚುವ ನಮ್ಮ ಕಾಲೇಜುಗಳ ಲೆಕ್ಕವೂ ಅದೇ.

ಅದೇ ಶಾಲೆ ಮುಂದೆ 'ವಿಗಿಕ್' ಎಂದು ಹೆಸರಾಯಿತು. 1956ರಲ್ಲೂ ಅಲ್ಲಿ ಉಪಕರಣಗಳಿಗೆ ಬರ. ಇಬ್ಬಿಬ್ಬರು, ಮೂವರು ಸೇರಿ ಒಂದು ಚಿತ್ರ ಮಾಡಬೇಕು. ಮಿಖಾಯಿಲ್ ರೋಮ್ ಅವರ ತರಗತಿಯ ಮೂವರು ವಿದ್ಯಾರ್ಥಿಗಳು ಹೆಮಿಂಗ್ವೇಯ 'ದ ಕಿಲ್ಲರ್ಸ್' ಕಥೆ ಆರಿಸಿಕೊಂಡರು. ಆಂದ್ರೇ ತಾರ್ಕೋವ್‌ಸ್ಕಿ, ಅಲೆಕ್ಸಾಂಡರ್ ಗೋರ್ಡನ್, ಮರಿಕಾ ಬೆಯ್ಕು. ಸುಮಾರು ಹತ್ತೊಂಬತ್ತು ನಿಮಿಷದ ಚಿತ್ರ. ಹೋಟೆಲಿನ ದೃಶ್ಯಗಳು ತಾರ್ಕೋವ್‌ಸ್ಕಿ ಮತ್ತು ಬೆಯ್ಕು ಇಬ್ಬರವು. ಕೊಲೆಗಡುಕರು ಬರುತ್ತಿದ್ದಾರೆಂದು ಗೊತ್ತಿದ್ದೂ ಒಬ್ಬ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿರುವ ನಡುವಿನ ದೃಶ್ಯ ಗೋರ್ಡನ್ನನದು. ಮಲಗಿದವನ ಪಾತ್ರ ಸಹಪಾಠಿ ವಾಸಿಲಿ ಶುಕ್ಷಿನ್ ಮಾಡಿದ, ಮುಂದೆ ಆತ ರಷ್ಯಾದ ದೊಡ್ಡ ಕಥೆಗಾರನಾದ. ಹೋಟೆಲಿನ ಕೌಂಟರ್ ಹಿಂದೆ ನಿಂತವನು ಗೋರ್ಡನ್. ಸಿಳ್ಳೆ ಹಾಕುತ್ತ ಬಂದು ಹೋಗುವ ಗಿರಾಕಿ ತಾರ್ಕೋವ್‌ಸ್ಕಿ. ಹೊರಗಿನಿಂದ ನಟರನ್ನು ಕರೆಸಲು ದುಡ್ಡೆಲ್ಲಿ?

ಈಗ ಯೂಟ್ಯೂಬಿನಲ್ಲಿ ಹುಡುಕಿದರೆ ಈ ಚಿತ್ರ 'ತಾರ್ಕೋವ್‌ಸ್ಕಿಯ ಮೊದಲ ಚಿತ್ರ' ಎಂದೇ ಸಿಗುತ್ತದೆ. ನಾನು ಅದನ್ನು ಮೊದಲು ನೋಡಿದ್ದೂ ಹಾಗೆಯೇ. ಶುಕ್ಷಿನ್ ಮಲಗಿದ ಆ ದೃಶ್ಯ ನೋಡಿ 'ಏನು ತಾರ್ಕೋವ್‌ಸ್ಕಿ ಮಾರಾಯಾ' ಎಂದು ತಲೆದೂಗಿದ್ದೆ. ತಲೆದೂಗಿದ್ದು ಗೋರ್ಡನ್ನನ ಕೆಲಸಕ್ಕೆ ಅಂತ ತಿಳಿದದ್ದು ವರ್ಷಗಳಾದ ಮೇಲೆ. ಗೋರ್ಡನ್ ಮುಂದೆ ತಾರ್ಕೋವ್‌ಸ್ಕಿಯ ತಂಗಿಯನ್ನೇ ಮದುವೆಯಾದ, ತಾನೂ ಚಿತ್ರಗಳನ್ನು ಮಾಡಿದ. ಮರಿಕಾ ಬೆಯ್ಕು ಹೆಸರಂತೂ ಈ ಚಿತ್ರದ ಅಡಿಟಿಪ್ಪಣಿಯಲ್ಲಿ ಬಿಟ್ಟರೆ ಎಲ್ಲೂ ಕಾಣಿಸುವುದೇ ಅಪರೂಪ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಒಬ್ಬ ದೊಡ್ಡವನಾದ, ಅವನ ನೆರಳು ಹಿಂದಕ್ಕೂ ಚಾಚಿಕೊಂಡಿತು.

ನಮ್ಮ ಕಡೆಗೆ ಬರೋಣ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ 1960ರಲ್ಲಿ ಶುರುವಾಗಿದ್ದು ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ. ಆ ಪ್ರಭಾತ್ ಕಂಪನಿಯೇ ಒಂದು ಗುಂಪು. 1929ರಲ್ಲಿ ಕೊಲ್ಹಾಪುರದಲ್ಲಿ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್, ಧಾಯ್ಬರ್, ಕುಲಕರ್ಣಿ ಎಂಬ ಐವರು ಪಾಲುದಾರರು ಕಟ್ಟಿದ್ದು, 1933ರಲ್ಲಿ ಪುಣೆಗೆ ಬಂದದ್ದು. ಅಲ್ಲಿ ತಯಾರಾದ 'ಸಂತ ತುಕಾರಾಮ್'ಗೆ (1936) ನಿರ್ದೇಶಕರು ಇಬ್ಬರು, ದಾಮ್ಲೆ ಮತ್ತು ಫತ್ತೇಲಾಲ್. ವೆನಿಸ್‌ನಲ್ಲಿ ಮೆಚ್ಚುಗೆ ಪಡೆದ ಚಿತ್ರ. ಆದರೂ ಪ್ರಭಾತ್ ಅಂದರೆ ಇವತ್ತು ಜನರ ಬಾಯಿಗೆ ಬರುವ ಹೆಸರು ಶಾಂತಾರಾಮ್ ಒಂದೇ, ಅವರು 1942ರಲ್ಲೇ ಕಂಪನಿ ಬಿಟ್ಟಿದ್ದರೂ.

ಇನ್‌ಸ್ಟಿಟ್ಯೂಟ್‌ನ ಡಿಪ್ಲೊಮಾ ಚಿತ್ರದ ಪದ್ಧತಿಯಲ್ಲಿ ಒಂದೇ ಚಿತ್ರ ಹಲವರ ಪರೀಕ್ಷೆ. ನಿರ್ದೇಶನದವನಿಗೆ, ಕ್ಯಾಮೆರಾದವನಿಗೆ, ಸಂಕಲನಕಾರನಿಗೆ, ಶಬ್ದದವನಿಗೆ, ಎಲ್ಲರಿಗೂ ಅದೇ ಉತ್ತರ ಪತ್ರಿಕೆ. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಬಿ.ಫಾರ್ಮ ಓದಿ, ಆ ದಾರಿ ಬಿಟ್ಟು ಅಲ್ಲಿಗೆ ಹೋದವರು. 1975ರ 'ಅವಶೇಷ' ಅವರ ಡಿಪ್ಲೊಮಾ ಚಿತ್ರ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಎರಡೇ ವರ್ಷದಲ್ಲಿ 'ಘಟಶ್ರಾದ್ಧ', ಸ್ವರ್ಣಕಮಲ. ಕನ್ನಡದಲ್ಲಿ ಪತ್ರಿಕೋದ್ಯಮ ಓದಿದ ಯಾರನ್ನಾದರೂ ಕೇಳಿ, 'ಅವಶೇಷ' ಯಾರದು ಅಂದರೆ ಥಟ್ಟನೆ ಹೇಳುತ್ತಾರೆ. ಅದೇ ಚಿತ್ರದಿಂದ ಇನ್ಯಾರ ಪರೀಕ್ಷೆ ಪಾಸಾಯಿತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ನಾನೂ ಆ ಸುಮ್ಮನಾಗುವವರ ಪಂಗಡದವನೇ.

ನಮ್ಮಲ್ಲಿ ಇನ್ನೊಂದು ಪರಂಪರೆಯೂ ಇದೆ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಪುಣೆಗಿಂತ ಎಷ್ಟೋ ಮೊದಲು, 1940ರ ದಶಕದಲ್ಲೇ ಸಿನಿಮಾಟೋಗ್ರಫಿ ಕಲಿಸುತ್ತಿದ್ದರು. ಗುರುದತ್ತರ 'ಕಾಗಜ್ ಕೆ ಫೂಲ್'ಗೆ (1959) ಬೆಳಕು ಕೊಟ್ಟ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಅಲ್ಲೇ, ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಮೂರ್ತಿಯವರಿಗೆ 2008ರ ಫಾಲ್ಕೆ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಪ್ರಶಸ್ತಿ ಶುರುವಾಗಿ ಆಗಲೇ ಸುಮಾರು ನಲವತ್ತು ವರ್ಷ ಆಗಿತ್ತು ಅನ್ನುವುದನ್ನೂ ನೆನಪಿಡಬೇಕು.

ಇನ್ನು ನಮ್ಮ ಕಥೆ.

2010. ನಮ್ಮದು ಐವರ ಗುಂಪು, ಒಂದು ಸೋನಿ ಹ್ಯಾಂಡಿಕ್ಯಾಮ್, ಅರವತ್ತು ನಿಮಿಷದ ಮೂರು ಮಿನಿ ಡಿವಿ ಕ್ಯಾಸೆಟ್. ವಿಷಯ ನೀರುಗಂಟಿ. ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿ ಗುಂಪಿನ ಗೆಳೆಯನೊಬ್ಬನ ತಾತ ಕೆರೆಯ ತೂಬು ಕಾಯುವವರು. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿಕೊಳ್ಳುವುದು, ರಾಶಿ ಸಮಯದಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಧಾನ್ಯ ತರುವುದು. ಊರಿಗೆಲ್ಲ ನೀರು ಹಂಚುವವರು, ಆದರೆ ಎಷ್ಟೋ ಮನೆಗಳಲ್ಲಿ ಅವರಿಗೆ ಜಗಲಿ ದಾಟುವಂತಿರಲಿಲ್ಲ. ಇದನ್ನು ಹೇಳಿದ್ದೂ ಮೊಮ್ಮಗನೇ. ವಿಷಯ ಅವನದು, ಊರು ಅವನದು, ಊಟ ಹಾಕಿದ್ದು ಅವನ ಅಮ್ಮ. ಮೈಕು ಹಿಡಿದವನೂ ಅವನೇ, ಯಾಕೆಂದರೆ ಕ್ಯಾಮೆರಾ ನಾವು ಬಿಡುತ್ತಿರಲಿಲ್ಲ.

ಮೊದಲ ದಿನವೇ ಸಿಕ್ಕಿಹಾಕಿಕೊಂಡೆವು. ನಮಗೆ ತೂಬಿನಿಂದ ನೀರು ನುಗ್ಗುವ ಶಾಟ್ ಬೇಕು. ಕೆರೆಯಲ್ಲಿ ಅರ್ಧ ನೀರು. 'ಐದು ನಿಮಿಷ ಎತ್ತಿ ಮುಚ್ಚಿಬಿಡಿ ತಾತ' ಅಂದೆವು. ಅವರು ಬೀಡಿ ಹಚ್ಚಿಕೊಂಡು ಏರಿಯ ಮೇಲೆ ಕೂತರು.

'ಅಂಗೆಲ್ಲ ಬಿಡಕ್ಕಾಗಲ್ಲ ಕಣಪ್ಪ. ಇದು ಊರ್ ನೀರು. ನಿಮ್ ಕ್ಯಾಮ್ರಕ್ಕೆ ಅಂತ ಬಿಟ್ರೆ ನಾಳಿಕ್ಕೆ ನಾನ್ ಏನ್ ಏಳ್ಲಿ?'

ನಾವು ಮೊಮ್ಮಗನ ಕಡೆ ನೋಡಿದೆವು, ಅವನಾದರೂ ಒಪ್ಪಿಸುತ್ತಾನೆ ಅಂತ. ಅವನು ಒಪ್ಪಿಸಲಿಲ್ಲ. 'ಮುಚ್ಚಿರೋ ತೂಬನ್ನೇ ತೆಗೀರೋ, ಅದೇ ಕಥೆ' ಅಂದ. ಈಗ ನೋಡಿದರೆ ಇಡೀ ಚಿತ್ರದಲ್ಲಿ ನಿರ್ದೇಶಕ ಹೇಳಬೇಕಾಗಿದ್ದ ಮಾತು ಅದೊಂದೇ, ಅದನ್ನು ಹೇಳಿದವನು ಅವನು. ತೆಗೆದೆವು. ಮುಚ್ಚಿದ ತೂಬು, ಕಲ್ಲಿನ ಕಂಬ, ಕೂತ ತಾತ.

ಎಡಿಟಿಂಗ್ ಕಾಲೇಜಿನ ಲ್ಯಾಬಿನಲ್ಲಿ. ಕ್ಯಾಸೆಟ್ಟನ್ನು ಫೈರ್‌ವೈರ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಇಳಿಸಬೇಕು, ಮೂರು ಗಂಟೆಯ ಚಿತ್ರಣಕ್ಕೆ ಮೂರು ಗಂಟೆಯೇ ಬೇಕು. ಯೂನಿಕೋಡ್ ಹಾಕಿದರೆ ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಿದ್ದುಹೋಗುತ್ತಿದ್ದವು, ನುಡಿಯಲ್ಲಿ ಟೈಪ್ ಮಾಡಿ ಅಂಟಿಸುತ್ತಿದ್ದೆವು. ಆ ಕೆಲಸ ನನ್ನದು. ಎರಡನೇ ರಾತ್ರಿ ಯಾರಿಗೋ ಅನ್ನಿಸಿತು, ನೀರಿನ ಸದ್ದಾದರೂ ಇರಲಿ ಅಂತ. ಹಾಸ್ಟೆಲಿನ ಬಚ್ಚಲುಮನೆಗೆ ಹೋಗಿ, ನಲ್ಲಿ ಕೆಳಗೆ ಬಕೆಟ್ ಇಟ್ಟು, ಸದ್ದು ಹಿಡಿದುಕೊಂಡು ಬಂದೆವು. ಮುಚ್ಚಿದ ತೂಬಿನ ಶಾಟ್ ಮೇಲೆ ಅದನ್ನು ಹಾಕಿದಾಗ, ಸತ್ಯ ಹೇಳಬೇಕೆಂದರೆ, ಚೆನ್ನಾಗಿಯೇ ಕೇಳಿಸಿತು.

ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿದ. 'ಇದು ತೂಬಿನ ಸದ್ದಲ್ಲ' ಅಂದ. 'ಯಾರಿಗೆ ಗೊತ್ತಾಗುತ್ತೆ ಬಿಡೋ' ಅಂದೆವು. 'ತಾತಂಗೆ ಗೊತ್ತಾಗುತ್ತೆ' ಅಂದ. ಮಾತಿಗೆ ಮಾತು ಬೆಳೆಯಿತು. ನಾವು ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಹಿಂದಿನ ವಾರವಷ್ಟೇ ವಸ್ತುನಿಷ್ಠತೆಯ ಬಗ್ಗೆ ಹತ್ತು ಅಂಕದ ಉತ್ತರ ಬರೆದಿದ್ದೆವು. ನಾಲ್ವರು ಒಂದು ಕಡೆ, ಅವನೊಬ್ಬ ಒಂದು ಕಡೆ. ಅವನು ಎದ್ದು ಹೋದ, ಮತ್ತೆ ಲ್ಯಾಬಿಗೆ ಬರಲಿಲ್ಲ.

ಬೆಳಗಿನ ಜಾವ ನಾನು ಕೊನೇ ಕಾರ್ಡ್ ಟೈಪ್ ಮಾಡಿದೆ. ನಿರ್ದೇಶನ, ಕ್ಯಾಮೆರಾ, ಸಂಕಲನ, ನಿರೂಪಣೆ, ನಾಲ್ಕು ಹೆಸರು. ಕೆಳಗೆ, 'ಸಹಕಾರ: ಗ್ರಾಮಸ್ಥರು'. ಅವನನ್ನು ಅದರೊಳಗೆ ಸೇರಿಸಿದೆ. ಮರೆತು ಬಿಟ್ಟಿದ್ದಲ್ಲ. ಸಿಟ್ಟಿನಲ್ಲಿ ಬಿಟ್ಟೆ, ಉಳಿದ ಮೂವರೂ ನೋಡಿ ಸುಮ್ಮನಿದ್ದರು. ತರಗತಿಯ ಎದುರು ಚಿತ್ರ ತೋರಿಸಿದಾಗ ಅವನು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಕಾರ್ಡ್ ಬಂದು ಹೋಯಿತು. ಅವನು ಏನೂ ಕೇಳಲಿಲ್ಲ. ಜಾತಿಯಿಂದಾಗಿ ಜಗಲಿ ದಾಟಲಾಗದವರ ಬಗ್ಗೆ ಹನ್ನೊಂದು ನಿಮಿಷದ ಚಿತ್ರ ಮಾಡಿ, ಆ ಮನೆಯ ಹುಡುಗನನ್ನೇ ಹೊಸಿಲಾಚೆ ನಿಲ್ಲಿಸಿದ್ದೆವು. ಇದು ಆಗ ನನಗೆ ಹೊಳೆಯಲೂ ಇಲ್ಲ. ಹೊಳೆದದ್ದು ಸ್ಟ್ರಿಂಗರ್ ಆದಮೇಲೆ, ನಾನು ಎರಡು ದಿನ ಸುತ್ತಿ ತಂದ ಸುದ್ದಿ 'ನಮ್ಮ ಪ್ರತಿನಿಧಿಯಿಂದ' ಎಂದು ಅಚ್ಚಾಗಿ ಬಂದಾಗ.

ಕಾನ್ ಸುದ್ದಿಯ ವಾರದಲ್ಲಿ ಮನೆಯ ಅಟ್ಟದಲ್ಲಿ ಆ ಡಿವಿಡಿ ಹುಡುಕಿದೆ. ಗೀರು ಬಿದ್ದಿದೆ, ಆದರೂ ಓಡಿತು. ಅವನಿಗೆ ಫೋನ್ ಮಾಡಿದೆ. ಅವನು ಈಗ ಪತ್ರಿಕೋದ್ಯಮದಲ್ಲಿಲ್ಲ, ಊರಿನಲ್ಲೇ ಇದ್ದಾನೆ, ಬೋರ್‌ವೆಲ್ ಹಾಕಿಸಿ ಅಡಿಕೆ ಇಟ್ಟಿದ್ದಾನೆ. ತಾತ ತೀರಿಕೊಂಡು ಎಂಟು ವರ್ಷವಾಯಿತಂತೆ. ನಾನು ಕೊನೇ ಕಾರ್ಡಿನ ವಿಷಯ ತೆಗೆದು, ತಪ್ಪಾಯಿತು ಎಂದೆ. ಹೊಸ ಕಾರ್ಡ್ ಮಾಡಿ ಸೇರಿಸುತ್ತೇನೆ, ನಿನ್ನ ಹೆಸರಿನ ಮುಂದೆ ಏನು ಹಾಕಲಿ ಎಂದು ಕೇಳಿದೆ. ಅವನು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ.

'ತಾತ ಮಾತಾಡೋದು ಪೂರ್ತಿ ಐತಾ ಅದ್ರಲ್ಲಿ?' ಅಂದ.

ಇದೆ ಅಂದೆ. ಮನೆಯಲ್ಲಿ ತಾತನ ಒಂದು ಫೋಟೋ ಇದೆಯಂತೆ, ದನಿ ಎಲ್ಲೂ ಇಲ್ಲವಂತೆ.

'ಹಂಗಾದ್ರೆ ಕಳ್ಸು. ವಾಟ್ಸಾಪಲ್ಲಿ ಬೇಡ, ಪೆನ್‌ಡ್ರೈವಲ್ಲಿ ಹಾಕಿ ಬಸ್ಸಿಗೆ ಕೊಟ್ಟು ಕಳ್ಸು' ಅಂದವನು, ಫೋನ್ ಇಡುವ ಮುಂಚೆ ಸೇರಿಸಿದ, 'ಆ ನಲ್ಲಿ ಸದ್ದು ತೆಗ್ದು ಕಳ್ಸೋ.'

ಮೂಲ ಕ್ಯಾಸೆಟ್‌ಗಳನ್ನು ಮುಂದಿನ ಬ್ಯಾಚಿನವರು ಅಳಿಸಿ ಬಳಸಿಕೊಂಡಿದ್ದರು. ಡಿವಿಡಿಯಲ್ಲಿ ತಾತನ ಮಾತು, ನಲ್ಲಿಯ ಸದ್ದು ಎರಡೂ ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿವೆ. ಬೆಂಗಳೂರಿನಲ್ಲಿ ಸೌಂಡ್ ಕೆಲಸ ಮಾಡುವ ಜೂನಿಯರ್ ಒಬ್ಬನಿಗೆ ಫೈಲ್ ಕೊಟ್ಟಿದ್ದೇನೆ. ತಾತ ಸುಮ್ಮನೆ ಕೂತ ಕಡೆ ಸದ್ದು ಪೂರ್ತಿ ತೆಗೆಯಬಹುದಂತೆ. ಮಾತಾಡುವ ಕಡೆ ಹೆಚ್ಚು ತೆಗೆಯಲು ಹೋದರೆ ದನಿಯೂ ತೆಳುವಾಗುತ್ತದಂತೆ, ಎಷ್ಟು ಸಾಧ್ಯವೋ ನೋಡುತ್ತೇನೆ ಅಂದಿದ್ದಾನೆ.