ಶಿರಸಿ ತೋರಿಸಿದ ಎರಡು ರಂಗ

ವಾನಳ್ಳಿಯಂಥ ಹಳ್ಳಿಗಳಿಗೆ ಪೇಟೆಯಾದ ಶಿರಸಿಯಲ್ಲಿ 1940ರ ದಶಕದಲ್ಲಿ ಬಾಲ್ಯ ಕಳೆದವರು ನಾಟಕಕಾರ ಗಿರೀಶ ಕಾರ್ನಾಡ (1938–2019). ತಂದೆ ಸರಕಾರಿ ವೈದ್ಯರು, ಮನೆಯಲ್ಲಿ ಅನುಕೂಲವಿತ್ತು. ಕಂಪನಿ ನಾಟಕ ಬಂದರೆ ಹುಡುಗ ತಂದೆತಾಯಿಯ ಜತೆ ಹೋಗುತ್ತಿದ್ದ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ನಡೆಯುವ ಯಕ್ಷಗಾನಕ್ಕೆ ಹೋಗುತ್ತಿದ್ದುದು ಮಾತ್ರ ಮನೆಯ ಆಳುಗಳೊಡನೆ.

1960ರಲ್ಲಿ ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ತೆರಳಿದರು. ಮೊದಲ ನಾಟಕ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಅಲ್ಲಿನ ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ ಅವರ ಸ್ನೇಹ ಬರವಣಿಗೆಗೆ ಬಲವಾಯಿತು. 2011ರಲ್ಲಿ ಆತ್ಮಕಥೆ ‘ಆಡಾಡತ ಆಯುಷ್ಯ’ವೂ ಅಲ್ಲಿಂದಲೇ ಹೊರಬಂತು.

1971ರ ‘ಹಯವದನ’ದಲ್ಲಿ ಗಣಪತಿ ಪೂಜೆ, ಭಾಗವತ, ಅರ್ಧ ಪರದೆ ಎಲ್ಲವೂ ಬಂದವು. ಅವುಗಳನ್ನು ಬಾಲ್ಯದಲ್ಲಿ ಅವರಿಗೆ ಕಾಣಿಸಿದ್ದು ಮನೆಯ ಸಿರಿವಂತಿಕೆಯಲ್ಲ. ಕೈಹಿಡಿದು ಬಯಲಿಗೆ ಕರೆದೊಯ್ದ ಆ ಆಳುಗಳು.