ಕೋಟ ಸೀಮೆಯ ಕುಚ್ಚಲಕ್ಕಿ: ಒಂದು ಚಾರಿತ್ರಿಕ ವಿವೇಚನೆ

ರಾಜವಂಶಗಳ ಚರಿತ್ರೆಗೆ ಶಾಸನಗಳು ಆಧಾರವಾಗುವಂತೆ ಜನಸಾಮಾನ್ಯರ ಚರಿತ್ರೆಗೆ ಅವರ ಉಣಿಸೂ ಆಧಾರವಾಗಬಲ್ಲುದು. ಕೋಟ, ಬ್ರಹ್ಮಾವರ, ಕುಂದಾಪುರಗಳ ಸೀಮೆಯಲ್ಲಿ ದಿನದ ಗಂಜಿ ಅನ್ನಗಳಿಗೆ ಕುಚ್ಚಲಕ್ಕಿಯೂ, ದೋಸೆ ಕಡುಬು ಪಾಯಸಗಳಿಗೆ ಬೆಳ್ತಿಗೆ ಅಕ್ಕಿಯೂ ಬಳಕೆಯಲ್ಲಿವೆ. ಮೊದಲನೆಯದು ಒರಟು, ಎರಡನೆಯದು ನಯ ಎಂಬ ಭಾವನೆ ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಈ ತಾರತಮ್ಯವು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಭತ್ತವನ್ನು ನೆನೆಯಿಟ್ಟು, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಬಳಿಕ ಒನಕೆಯಿಂದ ಕುಟ್ಟುವುದು ಹಿಂದಿನ ಕ್ರಮ. ಹೊಟ್ಟಿನೊಳಗೆ ನಡೆಯುವ ವ್ಯಾಪಾರವಾದರೋ ಅತಿ ಸೂಕ್ಷ್ಮವಾದುದು. ಅಕ್ಕಿಯ ಪಿಷ್ಟವು ಸುಮಾರು 3ರಿಂದ 8 ಮೈಕ್ರಾನ್ ಗಾತ್ರದ ಕಣಗಳಾಗಿ ಜೀವಕೋಶಗಳಲ್ಲಿ ಇಡಿಕಿರಿದಿರುತ್ತದೆ. ಕಾವು ತಗಲಿದಾಗ ಈ ಕಣಗಳು ನೀರು ಹೀರಿ ಉಬ್ಬಿ ಲೋಳೆಯಾಗುತ್ತವೆ. ಪಾತ್ರೆಯ ತುಂಬ ನೀರಿದ್ದರೆ ಲೋಳೆಯು ಹರಡಿ ಗಂಜಿಯಾಗುತ್ತಿತ್ತು. ಇಲ್ಲಿ ನೀರು ಮಿತ, ಎಡೆ ಕಿರಿದು. ಆದುದರಿಂದ ಕಣಗಳು ಒಂದನ್ನೊಂದು ಒತ್ತಿ ಬೆಸೆದುಕೊಂಡು ಕಾಳಿನ ಬಿರುಕುಗಳನ್ನೂ ಮುಚ್ಚುತ್ತವೆ. ಪಿಷ್ಟದ ಘಟಕಗಳಾದ ಅಮೈಲೋಸ್ ಮತ್ತು ಅಮೈಲೊಪೆಕ್ಟಿನ್‌ಗಳು ನೀರಿನಲ್ಲಿ ಒಂದರೊಡನೊಂದು ಬೆರೆತು ನಿಲ್ಲದೆ ಬೇರ್ಪಡಬಲ್ಲವೆಂಬುದನ್ನು 1987ರಲ್ಲಿ ಕಲಿಚೆವ್‌ಸ್ಕಿ ಮತ್ತು ರಿಂಗ್ ಎಂಬ ವಿಜ್ಞಾನಿಗಳು ತೋರಿಸಿದರು. ಆರಿದ ಮೇಲೆ ಪಿಷ್ಟದ ಎಳೆಗಳು ಮತ್ತೆ ಕೂಡಿ ಬಿಗಿಯುತ್ತವೆ. ಕುಟ್ಟುವಾಗ ನುಚ್ಚು ಕಡಮೆಯಾಗುವುದು ಈ ಬೆಸುಗೆಯಿಂದಲೇ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಕೆ. ಆರ್. ಭಟ್ಟಾಚಾರ್ಯರೂ ಅವರ ಸಹೋದ್ಯೋಗಿಗಳೂ ಕುಚ್ಚಲಕ್ಕಿಯ ಗುಣಗಳನ್ನು ದೀರ್ಘಕಾಲ ಅಭ್ಯಸಿಸಿದರು.

ಬೇಯಿಸುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಅಕ್ಕಿಯಲ್ಲಿರುವ ಬಿ ಜೀವಸತ್ವವು ತೌಡಿನೊಡನೆ ಪೂರ್ತಿ ಕಳೆದುಹೋಗದೆ, ಅದರ ಗಣನೀಯ ಭಾಗವು ಕಾಳಿನಲ್ಲಿಯೇ ಉಳಿಯುತ್ತದೆ. 1905ರಲ್ಲಿ ಕೌಲಾಲಂಪುರದ ಮಾನಸಿಕ ಚಿಕಿತ್ಸಾಲಯದಲ್ಲಿ ವಿಲಿಯಂ ಫ್ಲೆಚರನು ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ಬಿಳಿಯ ಅಕ್ಕಿಯನ್ನೂ ಮತ್ತೊಂದಕ್ಕೆ ಭಾರತದ ಕುಚ್ಚಲಕ್ಕಿಯನ್ನೂ ಕೊಡಿಸಿದನು. ಮೊದಲನೆಯ ಪಂಗಡದಲ್ಲಿ ಬೆರಿಬೆರಿ ರೋಗವು ಹರಡಿ ಹಲವರು ಮೃತರಾದರು. ಎರಡನೆಯದರಲ್ಲಿ ಯಾರೂ ಸಾಯಲಿಲ್ಲ. ಜೀವಸತ್ವದ ಕಲ್ಪನೆಯೇ ಆಗ ರೂಪುಗೊಂಡಿರಲಿಲ್ಲ.

ಕರಾವಳಿಯ ಪೂರ್ವಿಕರು ಇದನ್ನೆಲ್ಲ ಅರಿತೇ ಭತ್ತವನ್ನು ಬೇಯಿಸಿದರೆಂದು ಹೇಳಿದರೆ ಅದು ಅಭಿಮಾನವಾದೀತೇ ಹೊರತು ಚರಿತ್ರೆಯಾಗದು. ಅವರ ಕಣ್ಣಿಗೆ ಬಿದ್ದುದು ಮುರಿಯದ ಕಾಳು. ಆರೋಗ್ಯವು ಅದರೊಡನೆ ತಾನಾಗಿ ಬಂದ ಲಾಭ. ಆದರೂ ಹದವರಿತು ಬೆಂಕಿ ತಗ್ಗಿಸುವುದು, ಒಣಗಿದ ಪ್ರಮಾಣವನ್ನು ಹಲ್ಲಿನಿಂದ ಕಚ್ಚಿ ತಿಳಿಯುವುದು ಪರೀಕ್ಷಿತ ಜ್ಞಾನವೇ ಸರಿ. ಆ ಜ್ಞಾನವನ್ನು ಉಳಿಸಿದವರು ಬಹುಮಟ್ಟಿಗೆ ಹೆಂಗಸರು. ದಾನಕೊಟ್ಟ ಭತ್ತದ ಮುಡಿಗಳನ್ನು ಎಣಿಸಿದ ದಾಖಲೆಗಳು ಅದನ್ನು ಬೇಯಿಸಿದ ಕೈಗಳನ್ನು ಎಣಿಸಲಿಲ್ಲ. ಕುಚ್ಚಲಕ್ಕಿಯನ್ನು ಒರಟೆಂದು ತಳ್ಳುವಾಗ ನಾವು ಆ ಕೈಗಳನ್ನು ಎರಡನೆಯ ಸಲ ಮರೆಯುತ್ತೇವೆ.