ಮಾನವಾಕೃತಿ ರೇಖಾಚಿತ್ರಣ (ವಿಜಯಪುರ ಸೀಮೆ)

ಮೈಯನ್ನು ಅಂಗಾಂಗವಾಗಿ ಅಳೆಯುವ ಮೊದಲು ಅದರ ವಾಲು, ತಿರುವು, ಭಾರ ಹೊತ್ತ ಕಾಲು ಇವನ್ನು ಒಂದೆರಡು ನಿಮಿಷದೊಳಗೆ ಗೆರೆಯಲ್ಲಿ ಹಿಡಿಯುವ ಅಭ್ಯಾಸಕ್ಕೆ ಕಲಾಶಾಲೆಗಳಲ್ಲಿ ಜೆಸ್ಚರ್ ಡ್ರಾಯಿಂಗ್ ಅಥವಾ ರ‍್ಯಾಪಿಡ್ ಸ್ಕೆಚ್ ಎಂದು ಹೆಸರು. ನ್ಯೂಯಾರ್ಕಿನ ಶಿಕ್ಷಕ ಕಿಮೋನ್ ನಿಕೊಲೈಡಿಸ್ ಬರೆದು, ಅವರು ತೀರಿಕೊಂಡ ಮೇಲೆ 1941ರಲ್ಲಿ ಪ್ರಕಟವಾದ ಪುಸ್ತಕದಿಂದ ಈ ಕ್ರಮ ಜಗತ್ತಿಗೆ ಪರಿಚಿತವಾಯಿತು.

ವಿಜಯಪುರದಲ್ಲಿ ಮನುಷ್ಯಾಕೃತಿಯ ಚಿತ್ರ ಆದಿಲ್‌ಶಾಹಿ ಕಾಲದಷ್ಟು ಹಳೆಯದು. 1570ರ ‘ನುಜೂಮ್ ಅಲ್-ಉಲೂಮ್’ ಹಸ್ತಪ್ರತಿಯ ಆಕೃತಿಗಳು ಬಿಗಿಯಾಗಿ ನಿಂತಿವೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ (1580–1627) ಕಾಲಕ್ಕೆ ಗೆರೆ ಸಡಿಲಗೊಂಡಿತು. ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ, ಮೈನಾ ಹಕ್ಕಿ ಹಿಡಿದ ಯೋಗಿನಿಯ ನಿಲುವೇ ಸಾಕ್ಷಿ. ಆದರೂ ಆಸ್ಥಾನದ ಕಿರುಚಿತ್ರಗಾರರಿಗೆ ಮೈಯ ಭಾರಕ್ಕಿಂತ ಉಡುಗೆಯ ಮಡಿಕೆಯ ಮೇಲೆಯೇ ಪ್ರೀತಿ ಹೆಚ್ಚು. ಚಲನೆ ಕಾಣಬೇಕೆಂದರೆ ನಗರದ ಪೂರ್ವಕ್ಕಿರುವ ಕುಮಟಗಿಗೆ ಹೋಗಬೇಕು. ಅಲ್ಲಿಯ ಜಲಮಹಲಿನ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ವಾದ್ಯ ನುಡಿಸುವವರು, ಪಟ್ಟು ಹಾಕಿದ ಜಟ್ಟಿಗಳು ಇದ್ದಾರೆ. ಇಬ್ಬರು ಜಟ್ಟಿಗಳ ಮೈ ಒಂದಕ್ಕೊಂದು ಆತುಕೊಂಡಾಗ ಮೂಗು-ಕಣ್ಣಿನ ಲೆಕ್ಕ ನಡೆಯುವುದಿಲ್ಲ. ಭಾರ ಯಾರ ಮೇಲೆ ಎಂಬುದೊಂದೇ ಪ್ರಶ್ನೆ. ಇಂದಿನ ರ‍್ಯಾಪಿಡ್ ಸ್ಕೆಚ್ಚಿನ ಪಾಠವೂ ಅದೇ.

1686ರಲ್ಲಿ ಔರಂಗಜೇಬ ನಗರವನ್ನು ಗೆದ್ದ ಮೇಲೆ ಕಲಾವಿದರಿಗೆ ಆಶ್ರಯ ತಪ್ಪಿತು. ಬ್ರಿಟಿಷರ ಕಾಲದಲ್ಲಿ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿ 1956ರವರೆಗೂ ಅಲ್ಲೇ ಉಳಿದದ್ದರಿಂದ, ಚಿತ್ರಕಲೆಯ ದಾರಿಯೂ ಮುಂಬಯಿಯತ್ತ ತಿರುಗಿತು. 1857ರಲ್ಲಿ ಅಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯಲ್ಲಿ ಬಹುಕಾಲ ಪ್ಲಾಸ್ಟರ್ ಮೂರ್ತಿಗಳ ನಕಲೇ ಪಾಠವಾಗಿತ್ತು. ಜೀವಂತ ಮಾಡೆಲ್ ಮುಂದಿಟ್ಟು ಬರೆಯುವ ಲೈಫ್ ಕ್ಲಾಸಿಗೆ ಬಲ ಬಂದದ್ದು 1919ರ ಸುಮಾರಿಗೆ, ಶಾಲೆಯ ಮುಖ್ಯಸ್ಥ ಗ್ಲ್ಯಾಡ್‌ಸ್ಟನ್ ಸಾಲೊಮನ್ನರ ಕಾಲದಲ್ಲಿ. ಆ ಶಾಲೆಯ ಪ್ರಭಾವ ಧಾರವಾಡದ ಡಿ.ವಿ. ಹಾಲಭಾವಿಯವರ ಕಲಾಶಾಲೆಯ ಮೂಲಕ ಈ ಭಾಗಕ್ಕೂ ತಲುಪಿತು. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳ ಶಿಸ್ತು ಕೈಯನ್ನು ತಿದ್ದಿತು, ನಿಜ. ಕಣ್ಣನ್ನು ಮಾತ್ರ ಕಟ್ಟಿಹಾಕಿತು. ಅವುಗಳೊಳಗೆ ಮೆಮೊರಿ ಡ್ರಾಯಿಂಗ್ ಒಂದೇ ಜನರ ಓಡಾಟವನ್ನು ನೆನಪಿಟ್ಟು ಬರೆಯಲು ಬೇಡುತ್ತಿದ್ದ ವಿಷಯ.

ಕನ್ನಡ ನಾಡಿನಲ್ಲಿ ಚಲನೆಯ ಗೆರೆಯನ್ನೇ ಸಾಧನೆ ಮಾಡಿದವರು ಜೆ.ಜೆ. ಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದ ಉಡುಪಿ ಸೀಮೆಯ ಕೆ.ಕೆ. ಹೆಬ್ಬಾರರು (1911–1996). ಲಯ ಅರಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದವರು.

ಹಣ ಕೊಟ್ಟು ಮಾಡೆಲ್ ಕೂಡ್ರಿಸುವುದು ದೊಡ್ಡ ಊರಿನ ಕ್ರಮ. ಬಬಲೇಶ್ವರದ ಕಡೆಯ ವಿದ್ಯಾರ್ಥಿಗೆ ಸಂತೆ, ಬಸ್‌ಸ್ಟ್ಯಾಂಡ್ ಸಾಕು. ತಿಕೋಟಾದವನಿಗೆ ದ್ರಾಕ್ಷಿ ಪಡದಲ್ಲಿ ಕೈ ಮೇಲೆತ್ತಿ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡುವವರಿದ್ದಾರೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿಯೂ ಇರುತ್ತದೆ. ಕುಮಟಗಿಯ ಜಟ್ಟಿಗಳು ಮಾತ್ರ ಬಹುಪಾಲು ಮಾಸಿದ್ದಾರೆ. ಅವರನ್ನು ನೋಡಿ ಬರೆದುಕೊಳ್ಳಬೇಕೆನ್ನುವವರು ತಡ ಮಾಡಬಾರದು.